ಆರು ನಿಮಿಷದ ನಡಿಗೆ: ಎಷ್ಟು ಮೀಟರ್ ಜಾಸ್ತಿಯಾದರೆ ಸುಧಾರಣೆ?

ಸಿಒಪಿಡಿ (ಉಸಿರಿನ ಕೊಳವೆ ಕಿರಿದಾಗಿ ಏದುಸಿರು ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು ಕೆಲವು ವಾರ ಪುನಶ್ಚೇತನ ವ್ಯಾಯಾಮ ಮುಗಿಸಿದ ಮೇಲೆ ಮನೆಯವರು ಮೊದಲು ಕೇಳುವುದು, ಗುಣ ಕಂಡಿತಾ ಅಂತ. ಊದಿಸಿ ನೋಡುವ ಸ್ಪೈರೊಮೆಟ್ರಿಯಲ್ಲಿ ಅಂಕಿ ಹೆಚ್ಚುಕಡಿಮೆ ಹಳೆಯದೇ ಇರುತ್ತದೆ. ಬಲ ಬಂದಿರುವುದು ಶ್ವಾಸಕೋಶಕ್ಕಲ್ಲ, ಮುಖ್ಯವಾಗಿ ಕಾಲಿನ ಸ್ನಾಯುಗಳಿಗೆ. ಹಾಗಾಗಿ ಆರು ನಿಮಿಷದಲ್ಲಿ ಎಷ್ಟು ದೂರ ಹೋಗುತ್ತಾರೆ ಅಂತ ನಡೆಸಿಯೇ ನೋಡಬೇಕು.

1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 12 ನಿಮಿಷದ ಓಟದ ಪರೀಕ್ಷೆ ಪ್ರಕಟಿಸಿದರು. 1976ರಲ್ಲಿ ಬ್ರಿಟನ್ನಿನ ವೈದ್ಯರು ಅದನ್ನು ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ರೋಗಿಗಳ ನಡಿಗೆಗೆ ಒಗ್ಗಿಸಿದರು. ಸುಸ್ತಾದವರಿಗೆ ಅಷ್ಟು ಹೊತ್ತು ಕಷ್ಟ ಅಲ್ವಾ? 1982ರ ಹೊತ್ತಿಗೆ ಆರು ನಿಮಿಷ ಸಾಕು ಅಂತಾಯಿತು.

ಆಮೇಲೆ ಶುರುವಾಯಿತು ಗೊಂದಲ. 1984ರಲ್ಲಿ ಕೆನಡಾದ ಸಂಶೋಧಕರು ಒಂದು ಸಂಗತಿ ತೋರಿಸಿದರು. ಪಕ್ಕದಲ್ಲಿ ನಿಂತವರು ಹುರಿದುಂಬಿಸಿದರೆ ಸಾಕು, ರೋಗಿ ಸುಮಾರು 30 ಮೀಟರ್ ಜಾಸ್ತಿ ನಡೆಯುತ್ತಾರೆ. ಔಷಧಿಯೂ ಇಲ್ಲ, ವ್ಯಾಯಾಮವೂ ಇಲ್ಲ. ಎರಡನೇ ಸಲ ನಡೆದರೂ ದೂರ ಹೆಚ್ಚುತ್ತದೆ, ಸುಮ್ನೆ ರೂಢಿಯಾದ್ದರಿಂದ. ಕಾರಿಡಾರ್ ಗಿಡ್ಡವಾದರೆ ತಿರುಗುವುದರಲ್ಲೇ ಹೊತ್ತು ಹೋಗಿ ದೂರ ಕಡಿಮೆಯಾಗುತ್ತದೆ.

ಅದಕ್ಕೇ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿಯ 2002ರ ನಿಯಮಗಳು ಅಷ್ಟು ಕಟ್ಟುನಿಟ್ಟು. 30 ಮೀಟರ್ ಕಾರಿಡಾರ್, ಎರಡು ತುದಿಗೆ ಕೋನ್, ಮೂರು ಮೂರು ಮೀಟರಿಗೆ ಗುರುತು. ನಿಮಿಷಕ್ಕೊಮ್ಮೆ ಹೇಳುವ ಮಾತೂ ಮೊದಲೇ ಗೊತ್ತುಮಾಡಿದ್ದು: ಚೆನ್ನಾಗಿ ನಡೀತಿದ್ದೀರಿ, ಇನ್ನು ಇಷ್ಟು ನಿಮಿಷ ಇದೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡುವಂತಿಲ್ಲ. ಆದರೂ ಅಭ್ಯಾಸದ ನಡಿಗೆ ಬಹುತೇಕ ಕಡೆ ಬೇಕಿಲ್ಲ ಎಂದಿತ್ತು. 2014ರ ಹೊಸ ಮಾನದಂಡ ಎರಡು ಸಲ ನಡೆಸಿ, ಹೆಚ್ಚಿನ ದೂರ ಬರೆದುಕೊಳ್ಳಿ ಎಂದಿತು.

ಸುಧಾರಣೆ ಎನ್ನಲು ಎಷ್ಟು ಮೀಟರ್ ಹೆಚ್ಚಬೇಕು ಎಂಬ ಗಡಿಯೂ ಕೆಳಗಿಳಿಯಿತು. 1997ರ ಅಧ್ಯಯನದಲ್ಲಿ ಜೊತೆಗೆ ತರಬೇತಿ ಪಡೆಯುತ್ತಿದ್ದ 112 ರೋಗಿಗಳು, ಅವರಿಗಿಂತ ನಾನು ಚೆನ್ನಾಗಿ ನಡೀತೀನಾ ಎಂದು ತಮ್ಮನ್ನು ಒಬ್ಬರಿಗೊಬ್ಬರು ಹೋಲಿಸಿಕೊಂಡಿದ್ದರು. ಆ ವ್ಯತ್ಯಾಸ ಗೊತ್ತಾಗಲು ಸುಮಾರು 54 ಮೀಟರ್ ಬೇಕಿತ್ತು. ಈಗಿನ ಗಡಿ ಸುಮಾರು 30. ಅಂದರೆ ಬರೀ ಹುರಿದುಂಬಿಸಿದರೆ ಸಿಗುವಷ್ಟೇ ದೂರ!

1992ರಲ್ಲಿ ಬ್ರಿಟನ್ನಿನಲ್ಲಿ ಬಂದ ಶಟಲ್ ನಡಿಗೆಯಲ್ಲಿ, ಅಂದರೆ ಎರಡು ಕೋನ್‌ಗಳ ನಡುವೆ ಹೋಗಿಬರುವ ಪರೀಕ್ಷೆಯಲ್ಲಿ, ಬೀಪ್ ಸದ್ದೇ ವೇಗ ಹೇಳುತ್ತದೆ. ಆಮೇಲೆ 1999ರಲ್ಲಿ, ಒಂದೇ ವೇಗದಲ್ಲಿ ಎಷ್ಟು ಹೊತ್ತು ನಡೆಯಬಲ್ಲರು ಎಂದು ನೋಡುವ ಪರೀಕ್ಷೆ ಬಂತು. ಪುನಶ್ಚೇತನದ ಫಲ ಹೆಚ್ಚು ಎದ್ದು ಕಾಣುವುದು ಇದರಲ್ಲೇ. ಸಂತೆಗೆ ಹೋಗಿಬರಲು ಬೇಕಿರುವುದೂ ಇದೇ ತಾಳಿಕೆ. ಈ ಪರೀಕ್ಷೆಗೆ ಇನ್ನೂ ಜಾಸ್ತಿ ಮನ್ನಣೆ ಸಿಗಬೇಕಿತ್ತು.

ವರದಿಯಲ್ಲಿ ಬರೀ ಮೀಟರ್ ಬರೆದರೆ ಸಾಲದು. ಕಾರಿಡಾರ್ ಎಷ್ಟು ಉದ್ದ, ಎಷ್ಟನೇ ನಡಿಗೆ, ಆಕ್ಸಿಜನ್ ಕೊಟ್ಟಿದ್ದರೋ ಇಲ್ಲವೋ, ಎಲ್ಲವೂ ಇರಬೇಕು. ಮೊದಲು 150 ಮೀಟರ್ ನಡೆದವರಿಗೆ 30 ಮೀಟರ್ ದೊಡ್ಡ ಗಳಿಕೆ. 500 ಮೀಟರ್ ದಾಟಿದವರಿಗೆ ಅಷ್ಟು ಹೆಚ್ಚದಿದ್ದರೆ ವ್ಯಾಯಾಮ ಫಲಿಸಿಲ್ಲ ಎನ್ನುವಂತಿಲ್ಲ, ಆರು ನಿಮಿಷದಲ್ಲಿ ಅವರು ಅದಕ್ಕಿಂತ ಬಿರುಸಾಗಿ ನಡೆಯುವುದೇ ಕಷ್ಟ.