ಪುಟ್ಟ ಮನೆ ಕೊಟ್ಟರೆ ಬೀದಿ ಬದುಕು ತಪ್ಪುತ್ತದೆಯೇ?

ಪ್ರಶ್ನೆ: ಬೀದಿಯಲ್ಲಿ ಮಲಗುವವರಿಗೆ ಒಂದು ಕೋಣೆಯಷ್ಟು ಮನೆ ಕಟ್ಟಿ ಕೊಟ್ಟರೆ ಸಾಕೇ? ಅದೂ ಒಂದು ಹೊಸ ಕೊಳೆಗೇರಿ ಆಗುವುದಿಲ್ವಾ?

ಉತ್ತರ: ಆಗಬಹುದು. ಆದರೆ ಮನೆ ಚಿಕ್ಕದಾಯಿತು ಅಂತ ಹಾಗಾಗುವುದು ಕಡಿಮೆ. ಅಲ್ಲಿ ಎಷ್ಟು ಕಾಲ ಇರಬಹುದು, ಊರಿಗೆ ಎಷ್ಟು ದೂರ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ.

ಅಮೆರಿಕದ ಸಿಯಾಟಲ್‌ನಲ್ಲಿ ಇಂಥ ಮನೆ ಸುಮಾರು 8 ಅಡಿ ಅಗಲ, 12 ಅಡಿ ಉದ್ದ. ಕರೆಂಟ್, ಹೀಟರ್ ಇದೆ, ಬಾಗಿಲಿಗೆ ಬೀಗ ಇದೆ. ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿದ್ದು. ಬೀಗ ಅಂದರೆ ಸುಮ್ನೆ ಅಲ್ಲ. ದೊಡ್ಡ ಹಾಲ್‌ನಲ್ಲಿ ಹತ್ತಾರು ಜನ ಮಲಗುವ ತಂಗುದಾಣದಲ್ಲಿ ಸಾಮಾನು ಕಳುವಾಗುವ ಭಯ. ದಂಪತಿ ಒಟ್ಟಿಗೆ ಇರುವಂತಿಲ್ಲ, ನಾಯಿ ತರುವಂತಿಲ್ಲ ಅನ್ನುವ ನಿಯಮವೂ ಹಲವು ಕಡೆ ಇದೆ. ಅದಕ್ಕೇ ಎಷ್ಟೋ ಜನ ಅಲ್ಲಿಗಿಂತ ಬೀದಿಯೇ ವಾಸಿ ಅನ್ನುತ್ತಾರೆ. ಗುರುತಿನ ಚೀಟಿ, ಔಷಧಿ ಭದ್ರವಾಗಿಟ್ಟರೆ ತಾನೇ ಕೆಲಸ ಹುಡುಕಲು ಹೊರಡುವುದು? ಆದರೂ ಸಿಯಾಟಲ್‌ನದು ತಾತ್ಕಾಲಿಕ ಏರ್ಪಾಡು. ಕೈಗೆಟುಕುವ ಬಾಡಿಗೆ ಮನೆ ಸಿಗದಿದ್ದರೆ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ.

ನನಗೆ ಹಿಡಿಸಿದ್ದು ಅಮೆರಿಕದ್ದೇ ಇನ್ನೊಂದು ನಗರ ಡೆಟ್ರಾಯ್ಟ್‌ನ ದಾರಿ. ಕ್ಯಾಸ್ ಕಮ್ಯುನಿಟಿ ಸೋಶಿಯಲ್ ಸರ್ವಿಸಸ್ ಅನ್ನುವ ಸಂಸ್ಥೆ 2016ರಲ್ಲಿ ಶುರು ಮಾಡಿದ ಯೋಜನೆ ಇದು. ಮನೆಗಳು 250ರಿಂದ 400 ಚದರ ಅಡಿ. ಗಟ್ಟಿ ಅಡಿಪಾಯ, ಒಳಗೇ ಅಡುಗೆಮನೆ, ಬಚ್ಚಲು. ಒಂದು ಮನೆಯ ಹಾಗೆ ಇನ್ನೊಂದಿಲ್ಲ, ಹಾಗಾಗಿ ನೋಡಿದ ಕೂಡಲೇ 'ಬಡವರ ಸಾಲು' ಅನ್ನಿಸುವುದಿಲ್ಲ. ತಿಂಗಳ ಬಾಡಿಗೆ ಚದರ ಅಡಿಗೆ 1 ಡಾಲರ್. 300 ಚದರ ಅಡಿಯ ಮನೆಗೆ 300 ಡಾಲರ್ ಅಷ್ಟೇ. 7 ವರ್ಷ ನಿಯಮದಂತೆ ಬಾಡಿಗೆ ಕಟ್ಟಿಕೊಂಡು ಇದ್ದರೆ ಮನೆ ಅವರದ್ದೇ ಆಗುತ್ತದೆ. ಹಿಂದೆ ಬೀದಿಯಲ್ಲಿದ್ದವರ ಪಕ್ಕದಲ್ಲೇ ಕಡಿಮೆ ಆದಾಯದ ಹಿರಿಯರೂ ವಿದ್ಯಾರ್ಥಿಗಳೂ ಇದ್ದಾರೆ. ಕೈಚಾಚಿ ನಿಂತವರು ಅನ್ನುವ ಹಣೆಪಟ್ಟಿ ಯಾರಿಗೂ ಇಲ್ಲ.

ಜಾಗದ ತಕರಾರು ಮಾತ್ರ ಎಲ್ಲ ಕಡೆಯೂ ಇದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಮನೆಯಿಲ್ಲದವರ ನೆಲೆ ಡಿಗ್ನಿಟಿ ವಿಲೇಜ್ 2000ದಲ್ಲಿ ಟೆಂಟ್‌ಗಳಿಂದ ಶುರುವಾಯಿತು. ಅಲ್ಲಿ ಇರುವವರೇ ಸೇರಿ ನಿಯಮ ಮಾಡುತ್ತಾರೆ, ಅದು ದೊಡ್ಡ ಮಾತು. ಆದರೆ ಅವರಿಗೆ ನಗರಾಡಳಿತ ಕೊಟ್ಟ ಜಾಗ ಊರಂಚಿನಲ್ಲಿ, ವಿಮಾನ ನಿಲ್ದಾಣದ ಹತ್ತಿರ. ಕೆಲಸ, ಆಸ್ಪತ್ರೆ ಎರಡೂ ದೂರ. ಸೂರು ಸಿಕ್ಕಿತು, ಊರು ಸಿಗಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಒಂದೊಂದಕ್ಕೂ ಬೇರೆ ನೆಲ ಬೇಡುವ ಬಿಡಿ ಮನೆಗಳಿಗಿಂತ ಅದೇ ಸೈಟಿನ ಬಹುಮಹಡಿ ಕಟ್ಟಡದಲ್ಲಿ ಜಾಸ್ತಿ ಜನ ಇರಬಹುದು. ಫಿನ್ಲೆಂಡ್ 2008ರಿಂದ ಹಿಡಿದ ದಾರಿ ಅದೇ. ಕುಡಿತ ಬಿಟ್ಟ ಮೇಲೆ ಮನೆ ಅನ್ನುವ ಷರತ್ತು ಅಲ್ಲಿಲ್ಲ. ಮೊದಲು ಮನೆಯಿಲ್ಲದವರ ಹೆಸರಲ್ಲೇ ಬಾಡಿಗೆ ಕರಾರು, ಆಮೇಲೆ ಬೇಕಾದ ಚಿಕಿತ್ಸೆ. ಹಳೆಯ ತಂಗುದಾಣಗಳನ್ನೂ ಫ್ಲ್ಯಾಟ್‌ಗಳಾಗಿ ಮಾರ್ಪಡಿಸಿದ್ದಾರೆ.