ಇಂಡಿ ಅಂದರೆ ಇಂಡಿಯನ್ ಅಲ್ರೀ

ಧಾರವಾಡದ ಸಪ್ತಾಪುರದಲ್ಲಿ ಒಂದು ಕೆಫೆಯ ಗಾಜಿಗೆ ಪೋಸ್ಟರ್ ಹಚ್ಚಿದ್ದರು: 'ಶನಿವಾರ ಸಂಜೆ ಇಂಡಿ ನೈಟ್, ಡ್ರೀಮ್ ಪಾಪ್ ಜೋಡಿ'. ಆಸೆಪಟ್ಟು ಹೋದೆ. ಒಬ್ಬ ಗಿಟಾರ್ ಹಿಡಿದಿದ್ದ, ಒಬ್ಬಳು ಹಾಡಿದಳು. ಚೆನ್ನಾಗಿಯೇ ಹಾಡಿದಳು, ಅದರಲ್ಲಿ ತಕರಾರಿಲ್ಲ. ಆದರೆ ಹಾಡಿದ್ದೆಲ್ಲ ಹಳೇ ಹಿಂದಿ ಸಿನಿಮಾ ಹಾಡು. ಚಾ ತಂದಿಟ್ಟ ಹುಡುಗನೇ ಪೋಸ್ಟರ್ ಬರೆದವನಂತೆ. ಕೇಳಿದೆ. 'ಇಂಡಿ ಅಂದ್ರ ಇಂಡಿಯನ್ ಅಲ್ಲೇನ್ರೀ ಸರ್? ಶಾರ್ಟ್ ಫಾರ್ಮ್' ಅಂದ. ಪಕ್ಕದ ಟೇಬಲ್ಲಿನಲ್ಲಿ ವಿಜಯಪುರ ಕಡೆಯ ಹಿರಿಯರೊಬ್ಬರು ಕೂತಿದ್ದರು. 'ಇಂಡಿ ಅಂದ್ರ ಲಿಂಬಿಹಣ್ಣೋ ತಮ್ಮಾ' ಅಂದರು.

ಇಬ್ಬರಲ್ಲಿ ಹಿರಿಯರ ಉತ್ತರವೇ ವಾಸಿ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಮೇಲೆ ಸಿಗುವ ಸರ್ಕಾರಿ ಮುದ್ರೆ, ಸಿಕ್ಕಿದೆ. ಹುಡುಗನ ಉತ್ತರಕ್ಕೆ ಯಾವ ಟ್ಯಾಗೂ ಸಿಗುವುದಿಲ್ಲ.

ಇದು ಆ ಹುಡುಗನೊಬ್ಬನ ತಪ್ಪಾಗಿದ್ದರೆ ಸುಮ್ನೆ ಇರುತ್ತಿದ್ದೆ. ಕಾಲೇಜಿನ ಗ್ಯಾದರಿಂಗ್ ಕರಪತ್ರದಲ್ಲಿ ಇದೇ, ಹುಬ್ಬಳ್ಳಿಯ ಮಾಲ್‌ನಲ್ಲಿ ಇದೇ, ಗೆಳೆಯನ ಮಗಳ ಪ್ಲೇಲಿಸ್ಟ್ ಹೆಸರಲ್ಲೂ ಇದೇ. ಅದಕ್ಕೇ ಬರೆಯಲು ಕೂತೆ.

ಇಂಡಿ ಅನ್ನುವುದು ಇಂಡಿಪೆಂಡೆಂಟ್ ಎಂಬ ಮಾತಿನ ತುಂಡು. ಅದರ ಬೇರು ಲ್ಯಾಟಿನ್‌ನ 'ಪೆಂಡೆರೆ', ಅಂದರೆ ಜೋತಾಡು. ಕೊರಳ ಸರದ ಪೆಂಡೆಂಟ್, ಗೋಡೆ ಗಡಿಯಾರದ ಪೆಂಡುಲಮ್ ಎಲ್ಲ ಅದೇ ಮನೆಯವು. ಡಿಪೆಂಡ್ ಅಂದರೆ ಇನ್ನೊಬ್ಬರಿಗೆ ಜೋತುಬೀಳುವುದು. ಅದರ ತಲೆಗೆ 'ಇನ್' ಸೇರಿತು, ಜೋತುಬೀಳದ್ದು ಎಂದಾಯಿತು. ಇಲ್ಲಿ ಒಂದು ಮಜಾ ಇದೆ. ನಮ್ಮ 'ಅವಲಂಬಿಸು' ಬಂದದ್ದು ಸಂಸ್ಕೃತದ 'ಲಂಬ್' ಧಾತುವಿನಿಂದ. ಅದಕ್ಕೂ ಜೋತಾಡು ಎಂದೇ ಅರ್ಥ. ಲಂಬೋದರನ ಹೊಟ್ಟೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗೌಂಡಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುತ್ತಾನಲ್ಲ, ಆ ದಾರ ನಿಂತದ್ದು ಲಂಬವಾಗಿ. ಶಾಲೆಯಲ್ಲಿ ನಾವು ಲಂಬ ಅಂತ ಕಲಿತದ್ದಕ್ಕೆ ಇಂಗ್ಲಿಷಿನವರು ಪರ್ಪೆಂಡಿಕ್ಯುಲರ್ ಅನ್ನುತ್ತಾರೆ. ಅಲ್ಲೂ ಅದೇ 'ಪೆಂಡ್', ಅದೇ ಗುಂಡು ಕಟ್ಟಿದ ದಾರ. ಹಾಗಾಗಿ ಇಂಡಿಪೆಂಡೆಂಟ್‌ಗೆ ಸ್ವಾವಲಂಬಿ ಎಂದವರು ಬಹಳ ತೂಗಿ ನೋಡಿಯೇ ಹೇಳಿದ್ದಾರೆ.

ಇಂಡಿಯಾ ಹೊರಟದ್ದು ಸಿಂಧು ನದಿಯಿಂದ. ಪರ್ಷಿಯನ್ನರ ಬಾಯಲ್ಲಿ ಅದು ಹಿಂದು ಆಯಿತು, ಗ್ರೀಕರ ಬಾಯಲ್ಲಿ ಇಂಡೋಸ್. ನದಿಗೂ ದಾರಕ್ಕೂ ಎತ್ತಣಿಂದೆತ್ತ ಸಂಬಂಧ? ಮೊದಲೆರಡು ಅಕ್ಷರ ಒಂದೇ ಆದ ಮಾತ್ರಕ್ಕೆ ಬೀಗತನ ಮಾಡಲು ಬರುವುದಿಲ್ಲ. ಹಾಗಿದ್ದರೆ ಶೇಂಗಾ ಹಿಂಡಿಯನ್ನೂ ಕರೆದು ಕೂರಿಸಬೇಕಾದೀತು.

ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. 1990ರ ದಶಕದಲ್ಲಿ ಟಿವಿಯಲ್ಲಿ 'ಇಂಡಿಪಾಪ್' ಅಂತ ಬರುತ್ತಿತ್ತು. ಅಲ್ಲಿ ಇಂಡಿ ಅಂದರೆ ಇಂಡಿಯನ್ನೇ. ಸಿನಿಮಾದ್ದಲ್ಲದ ಪಾಪ್ ಹಾಡು ಎಂದಷ್ಟೇ ಅದರ ಅರ್ಥ. ಆ ಹಾಡುಗಳನ್ನು ತಂದವರಲ್ಲಿ ದೊಡ್ಡ ಕಂಪನಿಗಳೂ ಇದ್ದವು. ಗೊಂದಲ ಅಲ್ಲಿಂದ ಶುರುವಾಗಿರಬೇಕು.

ಸರಿ, ಇಂಡಿ ಸಂಗೀತ ಯಾರಿಗೆ ಜೋತುಬೀಳದ್ದು? ದೊಡ್ಡ ರೆಕಾರ್ಡ್ ಕಂಪನಿಗಳಿಗೆ. ಬ್ರಿಟನ್‌ನಲ್ಲಿ 1980ರ ಜನವರಿಯಲ್ಲಿ ಇಂಡಿ ಹಾಡುಗಳಿಗೆ ಅಂತಲೇ ಬೇರೆ ಮಾರಾಟದ ಪಟ್ಟಿ ಶುರುವಾಯಿತು. ಅದರ ನಿಯಮ ದನಿಯ ಬಗ್ಗೆ ಏನೂ ಕೇಳುತ್ತಿರಲಿಲ್ಲ. ರೆಕಾರ್ಡನ್ನು ಅಂಗಡಿಗೆ ಮುಟ್ಟಿಸಿದವರು ಯಾರು, ದೊಡ್ಡ ಕಂಪನಿಯೋ ಹೊರಗಿನವರೋ, ಇಷ್ಟೇ ಪ್ರಶ್ನೆ. ಹೀಗಾಗಿ ಆ ದಶಕದ ಕೊನೆಗೆ ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್‌ರ ಥಳಕು ಪಾಪ್ ಹಾಡುಗಳೂ ಇಂಡಿ ಪಟ್ಟಿಯ ತಲೆಯ ಮೇಲೆ ಕೂತವು. ಮೆಲ್ಲಗೆ, ಬೇಸರದಲ್ಲಿ, ಗಿಟಾರ್ ಹಿಡಿದು ಹಾಡಿದರೆ ಇಂಡಿ ಅಂದುಕೊಂಡವರು ಇದನ್ನು ಸ್ವಲ್ಪ ಯೋಚಿಸಬೇಕು.

ಡ್ರೀಮ್ ಪಾಪ್ ಮಾತ್ರ ದನಿಯ ಹೆಸರೇ. ಗಿಟಾರಿಗೆ ರಿವರ್ಬ್, ಅಂದರೆ ಗುಂಯ್ಗುಡುವ ಮಾರ್ದನಿ, ಜಾಸ್ತಿ, ಹಾಡುವವರ ಕಂಠ ವಾದ್ಯಗಳ ಒಳಗೇ ಕರಗಿರುತ್ತದೆ, ಮಾತು ಅರ್ಧ ತಿಳಿಯುವುದಿಲ್ಲ. ಉಣಕಲ್ ಕೆರೆಯ ಆಚೆ ದಂಡೆಯಲ್ಲಿ ಯಾರೋ ಹಾಡುತ್ತಿದ್ದಾರೆ, ಗಾಳಿ ತಂದಷ್ಟು ನಮಗೆ. ನಿದ್ದೆ ತರಿಸುವುದೆಲ್ಲ ಡ್ರೀಮ್ ಪಾಪ್ ಅಲ್ಲ, ಅದಕ್ಕೆ ಜೋಗುಳ ಅಂತ ನಮ್ಮದೇ ಹೆಸರಿದೆ.

ಈ ಎರಡೂ ಮಾತು ಒಟ್ಟಿಗೆ ಕೂಡುವುದನ್ನು ನೋಡಬೇಕಾದರೆ ಲಂಡನ್ನಿನ ಎ.ಆರ್. ಕೇನ್ ಜೋಡಿಯ ಕತೆ ಸಾಕು. ಅಲೆಕ್ಸ್ ಅಯುಲಿ, ರೂಡಿ ತಂಬಾಲಾ ಇಬ್ಬರೇ. ಡ್ರೀಮ್ ಪಾಪ್ ಎಂಬ ಹೆಸರು ಹುಟ್ಟಿಸಿದ ಕೀರ್ತಿ ಸಾಮಾನ್ಯವಾಗಿ ಇವರಿಗೇ ಹೋಗುತ್ತದೆ, ತಮ್ಮ ಸಂಗೀತಕ್ಕೆ ತಾವೇ ಇಟ್ಟುಕೊಂಡದ್ದು. 1986ರಲ್ಲಿ ಮೊದಲ ರೆಕಾರ್ಡ್. 1987ರಲ್ಲಿ ಫೋರ್ ಎಡಿ ಎಂಬ ಇನ್ನೊಂದು ಸಣ್ಣ ಕಂಪನಿಗೆ ಹೋದರು. ಅಲ್ಲಿ ಬೇರೆ ತಂಡದೊಂದಿಗೆ ಸೇರಿ, ತಮ್ಮ ದನಿಗೆ ಸಂಬಂಧವೇ ಇಲ್ಲದ ಒಂದು ಕುಣಿತದ ಹಾಡಿನಲ್ಲಿ ಪಾಲುದಾರರಾದರು. ಅದು ಬ್ರಿಟನ್‌ನ ಮುಖ್ಯ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೆ ಏರಿತು! ಅದರ ಬೆನ್ನಿಗೇ ಮತ್ತೆ ಕಂಪನಿ ಬದಲು: 1988 ಮತ್ತು 1989ರ ಆಲ್ಬಮ್‌ಗಳು ಬಂದದ್ದು ರಫ್ ಟ್ರೇಡ್‌ನಿಂದ. ಅದು ಮೊದಲು ಬರೀ ರೆಕಾರ್ಡ್ ಅಂಗಡಿಯಾಗಿತ್ತು. 1994ರಲ್ಲಿ ಮೂರನೆಯ ಆಲ್ಬಮ್, ಅಲ್ಲಿಗೆ ಜೋಡಿ ಬೇರೆಯಾಯಿತು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇವರ ಮೊದಲ ಕಂಪನಿಯ ಹೆಸರು: ಒನ್ ಲಿಟಲ್ ಇಂಡಿಯನ್. ಆ ಇಂಡಿಯನ್ ಕೂಡ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಆ ಹೆಸರು ಅವರಿಗೆ ಅವಮಾನ ಎಂದು ಮನವರಿಕೆಯಾಗಿ 2020ರಲ್ಲಿ ಕಂಪನಿ ಹೆಸರು ಬದಲಿಸಿತು. ಈಗ ಅದು ಒನ್ ಲಿಟಲ್ ಇಂಡಿಪೆಂಡೆಂಟ್. ನಾನು ಇಷ್ಟುದ್ದ ಕೊರೆದದ್ದನ್ನು ಅವರು ಒಂದೇ ಬೋರ್ಡಿನಲ್ಲಿ ಮುಗಿಸಿದರು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಕೋಲ್ಕತ್ತದ ಪಾರೇಖ್ ಮತ್ತು ಸಿಂಗ್ ಇದ್ದಾರೆ. ನಿಶ್ಚಯ್ ಪಾರೇಖ್, ಜೀವರಾಜ್ ಸಿಂಗ್. ಬಣ್ಣಬಣ್ಣದ ಸೂಟು ಹಾಕಿಕೊಂಡು ಬರುವ ಡ್ರೀಮ್ ಪಾಪ್ ಜೋಡಿ, ಹಾಡುವುದು ಇಂಗ್ಲಿಷಿನಲ್ಲಿ. 2016ರಲ್ಲಿ ಇವರ ಆಲ್ಬಮ್ಮನ್ನು ಹೊರದೇಶಕ್ಕೆ ಮುಟ್ಟಿಸಿದ್ದು ಪೀಸ್‌ಫ್ರಾಗ್ ಎಂಬ ಬ್ರಿಟನ್‌ನ ಸಣ್ಣ ಕಂಪನಿ. ಇವರು ಇಂಡಿಯನ್ನೂ ಹೌದು, ಇಂಡಿಯೂ ಹೌದು. ಎರಡಕ್ಕೂ ಕಾರಣ ಬೇರೆ ಬೇರೆ, ಅಷ್ಟೇ.

ಜೋಡಿ ಅಂದಕೂಡಲೇ ಜುಗಲಬಂದಿ ಅನ್ನುವವರೂ ಇದ್ದಾರೆ. ಧಾರವಾಡದಲ್ಲಿ ಕೂತು ಇದನ್ನು ವಿವರಿಸಲು ನನಗೆ ನಾಚಿಕೆ, ಮುಂದೆ ಹೋಗೋಣ.

ಹಾಗಾದರೆ ನಮ್ಮ ಕಡೆ ಇಂಡಿ ಯಾರು? ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಒಂದೇ ಕೋಣೆಯ ಸ್ಟುಡಿಯೋದಲ್ಲಿ ಜಾನಪದ ಅಂತ ಹೇಳಿ ಹೊಸ ಹಾಡು ಕಟ್ಟಿ, ತಮ್ಮದೇ ಯೂಟ್ಯೂಬ್ ಚಾನೆಲ್ಲಿಗೆ ಹಾಕುವ ಹುಡುಗರು. ಹಾಡಿನ ನಡುವೆ ಪರದೆಯ ಕೆಳಗೆ ಫೋನ್ ನಂಬರ್ ಓಡುತ್ತಿರುತ್ತದೆ, ಜಾತ್ರೆಗೆ ಕರೆಯುವವರಿಗಾಗಿ. ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಹೊಲ ನಡುಗುವ ಹಾಗೆ ಕೇಳುತ್ತದಲ್ಲ, ಅದೇ. ಡ್ರೀಮಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಮಲಗಿದವರೂ ಎದ್ದು ಕೂರುತ್ತಾರೆ. ಆದರೆ ಚಾನೆಲ್ ಹಾಡಿದವನದೇ ಆಗಿದ್ದರೆ ಅವನು ಅಪ್ಪಟ ಇಂಡಿ. ಸ್ಟುಡಿಯೋ ಮಾಲೀಕನದಾಗಿದ್ದರೆ ಮಾಲೀಕ ಇಂಡಿ, ಹಾಡಿದವನು ಜೋತುಬಿದ್ದವನು.

ಇದಿಷ್ಟನ್ನೂ ಆ ಕೆಫೆ ಹುಡುಗನಿಗೆ ಹೇಳಿದೆ. ಗೋಣು ಹಾಕುತ್ತ ಕೇಳಿದ. ಮುಂದಿನ ಶನಿವಾರ ಹೋದಾಗ ಗಾಜಿನ ಮೇಲೆ ಹೊಸ ಪೋಸ್ಟರ್ ಇತ್ತು: 'ಇಂಡಿಯನ್ ನೈಟ್'. ಒಳಗೆ ಅದೇ ಜೋಡಿ, ಅವೇ ಹಾಡು. 'ಈಗ ಕರೆಕ್ಟ್ ಆತಲ್ರೀ ಸರ್?' ಅಂದ.

ಆತಪ್ಪಾ ಅಂದೆ.