ಡೆನ್ಮಾರ್ಕ್‌ನಲ್ಲಿ ಮಕ್ಕಳನ್ನು ಸುಮ್ನೆ ಆಡಲು ಬಿಟ್ಟುಬಿಡುತ್ತಾರಾ?

ಪ್ರಶ್ನೆ: ಬಾಲ್ಯ ಮತ್ತು ಸಂಸ್ಕೃತಿಯ ಬಗ್ಗೆ ಕೋಪನ್‌ಹೇಗನ್‌ನಲ್ಲಿ ಕೆಲವು ವಾರಗಳ ಕೋರ್ಸ್ ಸೇರಬೇಕು ಅಂತಿದ್ದೇನೆ. ಆದರೆ ಅಲ್ಲಿನ ಶಿಶುವಿಹಾರಗಳಲ್ಲಿ ಪಾಠವೇ ಇಲ್ಲ, ಮಕ್ಕಳನ್ನು ಸುಮ್ನೆ ಆಡಲು ಬಿಡ್ತಾರಂತೆ. ಹಾಗಿದ್ದರೆ ನೋಡಿ ಕಲಿಯೋದು ಏನಿದೆ?

ಉತ್ತರ: ಖಂಡಿತ ಹೋಗಿ. ತರಗತಿಯ ಜೊತೆಗೆ ಶಿಶುವಿಹಾರದಲ್ಲಿ ಕೂತು ನೋಡುವ ಅವಕಾಶ ಕೊಡುವ ಕೋರ್ಸನ್ನೇ ಆರಿಸಿ. ಬರೀ ಉಪನ್ಯಾಸ ಕೇಳಲು ಅಷ್ಟು ದೂರ ಹೋಗಬೇಕಿಲ್ಲ. ಡೇನಿಶ್ ಭಾಷೆ ಬರದಿದ್ದರೂ ನಡೆಯುತ್ತದೆ. ದೊಡ್ಡವರಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾತಾಡುತ್ತಾರೆ. ಮಕ್ಕಳ ಜೊತೆ ಕೂತಾಗ ನಿಮ್ಮ ಕಣ್ಣಿಗೇ ಕೆಲಸ ಜಾಸ್ತಿ.

ಇನ್ನು ಆ 'ಸುಮ್ನೆ ಬಿಡ್ತಾರೆ' ಅನ್ನುವ ಮಾತು. ಎಷ್ಟು ಸಲ ಹೇಳಿದರೂ ಇದು ಮತ್ತೆ ಬರುತ್ತದೆ. ದಯವಿಟ್ಟು ಈ ಸಲ ಪೂರ್ತಿ ಓದಿ.

ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಲ್ಲಿ ಮುಖ್ಯರಾದ ಪೆಡಗೋಗ್‌ಗಳು ಮೂರೂವರೆ ವರ್ಷ ಓದಿ ಪದವಿ ಪಡೆದವರು. ಪ್ರತಿ ಶಿಶುವಿಹಾರವೂ ಕಲಿಕೆಯ ಯೋಜನೆ ಬರೆದಿಡಬೇಕು ಎಂಬ ಕಾನೂನು 2004ರಲ್ಲೇ ಬಂದಿದೆ. ಭಾಷೆ, ದೇಹ, ನಿಸರ್ಗ, ಕಲೆ, ಜನರೊಡನೆ ಬೆರೆಯುವುದು, ಮಗುವಿನ ಒಟ್ಟು ಬೆಳವಣಿಗೆ, ಎಲ್ಲವೂ ಆ ಯೋಜನೆಯಲ್ಲಿ ಇರಬೇಕು. 2024ರಿಂದ ಇನ್ನೊಂದು ನಿಯಮ: ಮೂರು ವರ್ಷದೊಳಗಿನ ಮೂರು ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು, ಅದಕ್ಕಿಂತ ದೊಡ್ಡ ಆರು ಮಕ್ಕಳಿಗೆ ಒಬ್ಬರು ಸರಾಸರಿ ಇರಲೇಬೇಕು. ಸುಮ್ನೆ ಬಿಡುವುದಾದರೆ ಇಷ್ಟು ಜನ ಯಾಕೆ ಬೇಕು, ಹೇಳಿ?

ಮಕ್ಕಳು ದಿನದ ಹೆಚ್ಚು ಹೊತ್ತು ಹೊರಗೆ ಮರಗಳ ನಡುವೆಯೇ ಕಳೆಯುವ ಕಾಡಿನ ಶಿಶುವಿಹಾರಕ್ಕೆ ಹೋದರೆ ಪುಟ್ಟ ಮಕ್ಕಳು ಚಾಕು ಹಿಡಿದು ಕಡ್ಡಿ ಕೆತ್ತುವುದು ಕಾಣಬಹುದು. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಮಗು ಕೂತೇ ಕೆತ್ತುತ್ತಿದೆ. ಪಕ್ಕದ ಮಗು ಕೈಗೆ ಎಟುಕದಷ್ಟು ದೂರದಲ್ಲಿದೆ. ಒಬ್ಬ ದೊಡ್ಡವರು ತಾವೂ ಏನೋ ಕೆತ್ತುತ್ತ ಹತ್ತಿರವೇ ಇದ್ದಾರೆ. ಇದೆಲ್ಲ ತಾನಾಗಿ ಆದದ್ದಲ್ಲ, ದಿನವೂ ಹೇಳಿಕೊಟ್ಟು ಆದದ್ದು. ಎಳೆ ಮಕ್ಕಳನ್ನು ಚಳಿಗಾಲದಲ್ಲೂ ಹೊರಗೆ ತಳ್ಳುಗಾಡಿಯಲ್ಲಿ ಮಲಗಿಸುತ್ತಾರೆ. ಅಲ್ಲೂ ಬೆಚ್ಚಗೆ ಹೊದಿಸಿ, ಆಗಾಗ ಬಂದು ನೋಡುತ್ತಲೇ ಇರುತ್ತಾರೆ.

ತಪ್ಪು ತಿಳಿವಳಿಕೆ ಹುಟ್ಟುವುದು ನೋಡುವವರಿಂದಲೇ. ಬೋರ್ಡು, ಬೆಂಚು, ಅಕ್ಷರ ತಿದ್ದುವ ಪುಸ್ತಕ ಹುಡುಕುತ್ತಾರೆ. ಅವು ಕಾಣದಿದ್ದಾಗ ಇಲ್ಲಿ ಏನೂ ನಡೆಯುತ್ತಿಲ್ಲ ಅಂದುಬಿಡುತ್ತಾರೆ. ಅಲ್ಲಿ ಶಾಲೆ ಶುರುವಾಗುವುದೇ ಮಗುವಿಗೆ ಆರು ತುಂಬುವ ವರ್ಷ. ಸರ್ಕಾರಿ ಶಾಲೆಯಲ್ಲಿ ಅಂಕ ಕೊಡುವುದು ಎಂಟನೇ ತರಗತಿಯಿಂದ. ಅವಸರ ಇಲ್ಲ ಅಂದರೆ ಕಲಿಕೆ ಇಲ್ಲ ಅಂತಲ್ಲ.

ಒಂದು ಉಪಾಯ ಹೇಳುತ್ತೇನೆ. ಒಂದು ಗಂಟೆ ಒಂದೇ ಮಗುವನ್ನು ನೋಡಿ. ದೊಡ್ಡವರು ಎಲ್ಲಿ ನಿಂತಿದ್ದರು, ಯಾವಾಗ ಹತ್ತಿರ ಬಂದರು, ಯಾವಾಗ ಬೇಕೆಂದೇ ಬರಲಿಲ್ಲ ಅನ್ನುವುದನ್ನು ಬರೆದಿಡಿ. ಅಭಿಪ್ರಾಯ ಆಮೇಲೆ. ಹೀಗೆ ಬರೆದ ವಿದ್ಯಾರ್ಥಿಗಳ ನೋಟ್‌ಬುಕ್ ಓದುವುದೇ ನನಗೆ ಖುಷಿ. 'ಮಕ್ಕಳು ಸ್ವತಂತ್ರವಾಗಿದ್ದರು' ಅಂತ ಒಂದೇ ಸಾಲು ಬರೆದರೆ ನೋಡಿದ್ದು ಸಾಲದು.

ನೀವು ಕೇಳದ ಒಂದು ವಿಷಯವೂ ಇದೆ: ಮಧ್ಯಾಹ್ನದ ಮೇಲೆ ಮಕ್ಕಳನ್ನು ಕರೆದೊಯ್ಯಲು ಯಾರು ಬರುತ್ತಾರೆ ನೋಡಿ. ಅಪ್ಪಂದಿರೂ ಬರುತ್ತಾರೆ. ಅಲ್ಲಿ ಪೂರ್ಣಾವಧಿ ಕೆಲಸವೆಂದರೆ ಸಾಮಾನ್ಯವಾಗಿ ವಾರಕ್ಕೆ 37 ಗಂಟೆ. 2022ರ ಆಗಸ್ಟ್‌ನಿಂದ, ಮಗು ಹುಟ್ಟಿದಾಗ ಉದ್ಯೋಗದಲ್ಲಿರುವ ಅಪ್ಪನಿಗೆ ಸಿಗುವ ರಜೆಯಲ್ಲಿ 11 ವಾರವನ್ನು ಅಮ್ಮನಿಗೆ ಬಿಟ್ಟುಕೊಡುವಂತಿಲ್ಲ. ಆತ ತೆಗೆದುಕೊಳ್ಳದಿದ್ದರೆ ಅದು ಹೋಯಿತು. ಶಿಶುವಿಹಾರದ ಖರ್ಚಿನಲ್ಲೂ ಹೆತ್ತವರ ಪಾಲು ಹೆಚ್ಚೆಂದರೆ ಶೇ. 25. ಉಳಿದದ್ದು ನಗರಸಭೆಯದು. ಹಾಗಾಗಿ ಪೆಡಗೋಗ್ ಜೊತೆ ಮಾತಾಡುವಾಗ ಆಟದ ಬಗ್ಗೆ ಮಾತ್ರ ಕೇಳಬೇಡಿ. ಫೀಸು, ರಜೆ, ಕೆಲಸದ ಹೊತ್ತು ಎಲ್ಲವನ್ನೂ ಕೇಳಿ. ಮಕ್ಕಳ ಫೋಟೊ ಮಾತ್ರ ಅನುಮತಿ ಇಲ್ಲದೆ ತೆಗೆಯಬೇಡಿ.